ಕಣದ ಬಿಸಿಲು, ಮನೆಯ ಬೆಳಕು

ಬ್ಯಾಡಗಿ ಮೆಣಸಿನಕಾಯಿಯ ಕೆಂಬಣ್ಣಕ್ಕೆ ಮಣ್ಣು ಎಷ್ಟು ಕಾರಣವೋ ಸೂರ್ಯನೂ ಅಷ್ಟೇ ಕಾರಣನು. ಗಿಡದಿಂದ ಬಿಡಿಸಿದ ಹಣ್ಣುಗಾಯಿಯ ತೂಕದಲ್ಲಿ ಬಹುಪಾಲು ನೀರೇ. ಆ ತೇವಾಂಶವು ಶೇಕಡಾ 10ರ ಆಸುಪಾಸಿಗೆ ಇಳಿದಾಗಲೇ ಕಾಯಿ ಚೀಲ ಸೇರಲು ಯೋಗ್ಯವಾಗುತ್ತದೆ. ಈ ಕೆಲಸವನ್ನು ಕಣದ ಬಿಸಿಲು ತಲೆಮಾರುಗಳಿಂದ ಬಿಡಿಗಾಸನ್ನೂ ಬೇಡದೆ ಮಾಡಿಕೊಟ್ಟಿದೆ. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಬೆಳೆಯ ಹಿಂದೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಎಷ್ಟೋ ಕುಟುಂಬಗಳ ಕಾಯಕವಿದೆ.

ನಾನು ಬಾಲಕನಾಗಿದ್ದಾಗ ಕಾಯಿ ಹರವಿದ ಮೇಲೆ ಹಿರಿಯರು ನಿಶ್ಚಿಂತೆಯಿಂದ ಮಲಗುತ್ತಿದ್ದರು. ಇಂದು ಕಣದ ಪಕ್ಕದಲ್ಲಿಯೇ ತಾಡಪತ್ರಿ ಸಿದ್ಧವಿರಬೇಕು. 2021ರ ನವೆಂಬರದಲ್ಲಿ ಸುರಿದ ಅಕಾಲಿಕ ಮಳೆ ರಾಜ್ಯದ ಅನೇಕ ಜಿಲ್ಲೆಗಳ ಬೆಳೆಗಳನ್ನು ಕೆಡಿಸಿತು. ಎರಡೇ ವರ್ಷಗಳಲ್ಲಿ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ನೆನೆದ ಕಾಯಿ ಬಣ್ಣಗೆಡುತ್ತದೆ, ಬೂಷ್ಟು ಹಿಡಿಯುತ್ತದೆ. ಮಗಳ ಮದುವೆಗೋ ಮಗನ ಓದಿಗೋ ಎತ್ತಿಟ್ಟ ಲೆಕ್ಕವೆಲ್ಲ ತಪ್ಪುತ್ತದೆ.

ಒಂದು ಮಳೆಯನ್ನೋ ಒಂದು ಬರವನ್ನೋ ತೋರಿಸಿ ಇದಕ್ಕೆ ಹೊಗೆಯೊಂದೇ ಕಾರಣವೆನ್ನುವುದು ಶಾಸ್ತ್ರಸಮ್ಮತವಲ್ಲ. ಆದರೆ ಒಟ್ಟಾರೆಯ ದಿಕ್ಕು ಸ್ಪಷ್ಟವಾಗಿದೆ. ಕಲ್ಲಿದ್ದಲಿನ ಹೊಗೆ ಭೂಮಿಯನ್ನು ಬಿಸಿ ಮಾಡಬಲ್ಲದೆಂದು ಸ್ವೀಡನ್ನಿನ ವಿಜ್ಞಾನಿ ಅರ್ಹೇನಿಯಸ್ 1896ರಷ್ಟು ಹಿಂದೆಯೇ ಗಣಿಸಿದ್ದರು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾದಲ್ಲಿ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಭಾಗವಿತ್ತು. 2024ರಲ್ಲಿ ಅದು 420ನ್ನು ದಾಟಿತ್ತು. ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಅದು ಹಿಡಿದಿಡಬಲ್ಲ ನೀರಾವಿ ಸುಮಾರು ಶೇಕಡಾ 7ರಷ್ಟು ಹೆಚ್ಚುತ್ತದೆ. ಆದ್ದರಿಂದ ನೆಲ ಬೇಗನೆ ಒಣಗುತ್ತದೆ, ಸುರಿಯುವ ಮಳೆಯೂ ಒಮ್ಮೆಲೇ ಸುರಿಯುತ್ತದೆ.

ಇದಕ್ಕೂ ನಮ್ಮ ಮನೆಯ ದೀಪಕ್ಕೂ ಸಂಬಂಧವುಂಟು. ನಮ್ಮ ವಿದ್ಯುತ್ತಿನ ಒಂದು ಪಾಲು ಇಂದಿಗೂ ರಾಯಚೂರಿನಂಥ ಕಲ್ಲಿದ್ದಲ ಸ್ಥಾವರಗಳಿಂದ ಬರುತ್ತಿದೆ. ಹಾಗೆಂದು ನಾಡಿನಲ್ಲಿ ಸೂರ್ಯನಿಗೆ ಕೊರತೆಯಿಲ್ಲ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅಲ್ಲಿ ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟು ವರ್ಷವರ್ಷವೂ ಬಾಡಿಗೆ ಪಡೆಯುತ್ತಾರೆ. ಬರಿದಾಗಿರುವುದು ನಮ್ಮ ಮಾಳಿಗೆಗಳೇ.

ಸರಕಾರದ ನೀತಿಯಲ್ಲಿ ಇಲ್ಲೊಂದು ವಿಪರ್ಯಾಸವಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ತಿಂಗಳಿಗೆ 200 ಯೂನಿಟ್‌ಗಳವರೆಗೆ ಉಚಿತ ವಿದ್ಯುತ್ತನ್ನು ನೀಡಿತು. 2024ರ ಫೆಬ್ರವರಿಯಲ್ಲಿ ಕೇಂದ್ರವು ಪ್ರಕಟಿಸಿದ ಸೂರ್ಯಘರ್ ಯೋಜನೆಯು ಮಾಳಿಗೆಯ ಸೌರಫಲಕಕ್ಕೆ ಒಂದು ಕಿಲೋವ್ಯಾಟಿಗೆ 30,000, ಮೂರಕ್ಕೆ 78,000 ರೂಪಾಯಿ ಸಹಾಯಧನ ಘೋಷಿಸಿತು. ಬಿಲ್ಲೇ ಬಾರದ ಮನೆಯವರು ಫಲಕಕ್ಕೆ ಕೈಯಿಂದ ಹಣ ಹಾಕುವರೇ? ಒಂದು ಕೈ ಕರೆದರೆ ಇನ್ನೊಂದು ಕೈ ತಡೆಯುತ್ತದೆ. ಬಡವರ ಮನೆಯ ದೀಪ ಆರಬಾರದೆಂಬುದು ನ್ಯಾಯವೇ. ಆದರೆ ಸ್ವಂತ ಮಾಳಿಗೆಯುಳ್ಳವರಿಗೆ, ಅವರು ಒಪ್ಪಿದಲ್ಲಿ, ಕೆಲವು ವರ್ಷಗಳ ಉಚಿತ ವಿದ್ಯುತ್ತಿನ ಹಣವನ್ನೇ ಒಂದುಗೂಡಿಸಿ ಫಲಕವಾಗಿ ಕೊಡಬಾರದೇಕೆ? ಬಾಡಿಗೆ ಮನೆಯವರಿಗೆ, ಗುಡಿಸಲಿನವರಿಗೆ ಈಗಿನ ನೆರವೇ ಮುಂದುವರಿಯಲಿ. ಒಂದು ಕಿಲೋವ್ಯಾಟ್ ಫಲಕವು ಒಳ್ಳೆಯ ಬಿಸಿಲಿನಲ್ಲಿ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಸಣ್ಣ ಸಂಸಾರಕ್ಕೆ ಅದು ಸಾಕು.

ಕಣಕ್ಕೂ ಇದೇ ವಿವೇಕ ಬೇಕು. ಪಾರದರ್ಶಕ ಹಾಳೆ ಹೊದಿಸಿ, ಗಾಳಿ ಹಾಯಲು ಕಿಂಡಿಯಿಟ್ಟು ಕಟ್ಟುವ ಸೌರ ಒಣಮನೆಯಲ್ಲಿ ಮಳೆ, ಧೂಳು, ಇಬ್ಬನಿಗಳ ಭಯವಿಲ್ಲ. ಒಬ್ಬರಿಗೆ ಇದು ಭಾರವಾದೀತು; ಓಣಿಯ ಹತ್ತು ಮನೆಗಳು ಕೂಡಿದರೆ ಭಾರವಲ್ಲ. ಸಹಕಾರಿ ಸಂಘಗಳೂ ಮಹಿಳಾ ಮಂಡಳಗಳೂ ಇದಕ್ಕೆ ಮುಂದಾಗಲಿ.

ಬಂಧುಗಳೇ, ಉಚಿತವೆಂಬುದರ ಬೆಲೆಯನ್ನು ಯಾರಾದರೊಬ್ಬರು ತೆರಲೇಬೇಕು. ದೀಪದ ಬೆಲೆಯನ್ನು ನಾವು ಕೊಡದಿದ್ದರೆ ನಾಳೆ ಮಕ್ಕಳ ಕಣ ಕೊಟ್ಟೀತು. ಕಾಯಿ ಒಣಗಿಸಿದ ಸೂರ್ಯನೇ ದೀಪವನ್ನೂ ಬೆಳಗಲಿ.