ಕಂಪ್ಯೂಟರ್ ಇಲ್ಲದೇ ಕೋಡಿಂಗ್!

ಕೋಡಿಂಗ್ ಕಲಿಯೋಕೆ ಕಂಪ್ಯೂಟರ್ ಬೇಕಾ? ಬೇಡ. ಗ್ರಂಥಾಲಯದ ಒಂದು ಚಿತ್ರಪುಸ್ತಕ ಸಾಕು.

ಕಥೆಯ ಪುಟಗಳ ಜೆರಾಕ್ಸ್ ತೆಗೆದು ಕಲಸಿಬಿಡಿ. ಮಕ್ಕಳೇ ಜೋಡಿಸಲಿ. ಕಂಪ್ಲಿ ಗದ್ದೆಯಲ್ಲಿ ಮೊದಲು ಸಸಿಮಡಿ, ಆಮೇಲೆ ನಾಟಿ ತಾನೇ? ಈ ಕ್ರಮವೇ ಕೋಡಿಂಗಿನ ಸೀಕ್ವೆನ್ಸ್.

ಸಂಡೂರಿನ ಲಂಬಾಣಿ ಕಸೂತಿ ನೋಡಿ: ಅದೇ ಹೊಲಿಗೆ, ಮತ್ತೆ ಮತ್ತೆ. ಹಂಪಿ ಪುಷ್ಕರಣಿಯ ಮೆಟ್ಟಿಲೂ ಹಾಗೇ. ಇದು ಲೂಪ್.

ಹೊಸಪೇಟೆಯ ತುಂಗಭದ್ರಾ ಡ್ಯಾಮಿಗೆ 33 ಗೇಟು. ನೀರು ಹೆಚ್ಚಾದರೆ ತೆರೆ, ಇಲ್ಲದಿದ್ದರೆ ಮುಚ್ಚು. ಇದು ಕಂಡೀಷನ್.

ಫಿನ್ಲೆಂಡಿನ ಲಿಂಡಾ ಲಿಯುಕಾಸ್ ‘ಹಲೋ ರೂಬಿ’ ಪುಸ್ತಕದಲ್ಲಿ ಮಾಡಿದ್ದೂ ಇದನ್ನೇ, ಕಥೆಯೊಳಗೆ ಕೋಡಿಂಗ್!

ಕನ್ನಡದ ಚಿತ್ರಕಥೆಗಳು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಉಚಿತ.

ಈ ವಾರ ಮಕ್ಕಳನ್ನು ನಿಮ್ಮ ಪಂಚಾಯ್ತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ ಕರ್ಕೊಂಡು ಹೋಗಿ. ಮೊದಲ ಪ್ರೋಗ್ರಾಂ ಅಲ್ಲೇ ಶುರುವಾಗಲಿ.