ಸಂಘದ ಕಂಪ್ಯೂಟರಿಗೂ ಗಾಳಿ ಬೇಕು



ಈ ಪುಟದಲ್ಲಿ ನಾನು ಸಾಮಾನ್ಯವಾಗಿ ಕೆಚ್ಚಲು ಬಾವು, ಬರಡುತನ, ಕರುಗಳ ಜಂತುಹುಳುವಿನ ಬಾಧೆ ಇಂತಹ ವಿಷಯಗಳನ್ನು ಬರೆಯುತ್ತೇನೆ. ಈ ಸಲ ನಿಮ್ಮ ಸಂಘದ ಮೇಜಿನ ಮೇಲಿರುವ ಕಂಪ್ಯೂಟರಿನ ಬಗ್ಗೆ ಬರೆಯುತ್ತಿದ್ದೇನೆ. ಪಶುವೈದ್ಯನಿಗೆ ಕಂಪ್ಯೂಟರಿನ ಗೊಡವೆ ಏಕೆ ಎಂದು ಕೇಳಬಹುದು. ಅದಕ್ಕೆ ಕಾರಣವಾದ ಒಂದು ಸಂಗತಿಯನ್ನು ಮೊದಲು ಹೇಳುತ್ತೇನೆ.

ಕಳೆದ ಬೇಸಿಗೆಯಲ್ಲಿ ಒಂದು ಸಂಘಕ್ಕೆ ಬರಡು ರಾಸುಗಳ ತಪಾಸಣೆಗೆಂದು ಹೋಗಿದ್ದೆ. ಸಂಜೆ ಹಾಲು ಹಾಕುವ ಹೊತ್ತು. ಅರ್ಧ ಸಾಲು ಮುಗಿಯುವಷ್ಟರಲ್ಲಿ ಕಂಪ್ಯೂಟರ್ ತಾನಾಗಿಯೇ ಆರಿಹೋಯಿತು. ಹದಿನೈದು ದಿನಗಳಿಂದ ಇದೇ ಪಾಡು ಎಂದರು ಕಾರ್ಯದರ್ಶಿ. ಚೀಟಿ ಬರುವುದಿಲ್ಲ, ಲೆಕ್ಕವನ್ನು ಕೈಯಲ್ಲಿ ಬರೆಯಬೇಕು. ಸಾಲಿನಲ್ಲಿದ್ದ ಹಿರಿಯ ಸದಸ್ಯರೊಬ್ಬರು, "ಡಾಕ್ಟ್ರೇ, ಹಸುವಿಗೆ ಆಮೇಲೆ ಸೂಜಿ ಹಾಕುವಿರಂತೆ. ಮೊದಲು ಈ ಪೆಟ್ಟಿಗೆಗೆ ಏನು ರೋಗ ನೋಡಿ. ಇದು ಆರಿದ ದಿನವೇ ನಮ್ಮ ಫ್ಯಾಟು ಇಳಿಯುತ್ತದೆ" ಎಂದರು. ಕಾರ್ಯದರ್ಶಿಯ ಮುಖ ಸಣ್ಣಗಾಯಿತು. ಬೇಕೆಂದೇ ಆರಿಸಿ ಕೈಯಲ್ಲಿ ಬರೆಯುತ್ತಾರೆ ಎಂಬ ಮಾತು ಊರಿನಲ್ಲಿ ಆಗಲೇ ಹಬ್ಬಿತ್ತು. ನಾಲ್ಕಾರು ಮನೆಯವರು ಖಾಸಗಿಯವರಿಗೆ ಹಾಲು ಹಾಕಲು ಆರಂಭಿಸಿದ್ದರು.

ಆ ಪೆಟ್ಟಿಗೆಯನ್ನು ಮರದ ಕಪಾಟಿನೊಳಗೆ, ಗೋಡೆಗೆ ಒತ್ತಿ ಇಟ್ಟಿದ್ದರು. ಪಕ್ಕದಲ್ಲೇ ಪಶು ಆಹಾರದ ಮೂಟೆಗಳು. ಮೇಲೆ ಯು.ಪಿ.ಎಸ್. ಬಿಸಿಯಾಗುತ್ತದೆ ಎಂದು ಗೊತ್ತಾಗಿ ಹಿಂದಿನ ತಿಂಗಳಷ್ಟೇ ಹಿಂಬದಿಗೆ ಇನ್ನೊಂದು ಫ್ಯಾನು ಹಾಕಿಸಿದ್ದರಂತೆ. ಅದಾದ ಮೇಲೆ ತೊಂದರೆ ಇನ್ನೂ ಹೆಚ್ಚಾಯಿತಂತೆ. ಹಿಂದೆ ಕೈಯಿಟ್ಟು ನೋಡಿದೆ. ಹೊಸ ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತಿರಲಿಲ್ಲ, ಒಳಗೆ ಎಳೆಯುತ್ತಿತ್ತು. ಮುಂದಿನ ಫ್ಯಾನೂ ಒಳಗೇ ಎಳೆಯುತ್ತಿತ್ತು. ಎರಡೂ ಕಡೆಯಿಂದ ಒಳಗೇ ಊದಿದರೆ ಬಿಸಿ ಗಾಳಿ ಹೋಗುವುದಾದರೂ ಎಲ್ಲಿಗೆ?

ಮರುದಿನ ತಂತ್ರಜ್ಞ ಬಂದು, ನಾಲ್ಕು ತಿರುಪು ಬಿಚ್ಚಿ ಫ್ಯಾನನ್ನು ತಿರುಗಿಸಿ ಕೂರಿಸಿದರು. ಧೂಳು ತೆಗೆದರು. ಪೆಟ್ಟಿಗೆ ಕಪಾಟಿನಿಂದ ಮೇಜಿಗೆ ಬಂತು. ಆ ಬೇಸಿಗೆಯಲ್ಲಿ ಅದು ಮತ್ತೆ ಆರಲಿಲ್ಲ. ಆದರೆ ಖಾಸಗಿಯವರ ಕಡೆ ಹೋದ ಮನೆಗಳಲ್ಲಿ ಎರಡು ಮನೆಯವರು ಇನ್ನೂ ಮರಳಿಲ್ಲ. ಕೆಟ್ಟ ಯಂತ್ರ ಒಂದು ದಿನದಲ್ಲಿ ಸರಿಯಾಗುತ್ತದೆ, ಕೆಟ್ಟ ನಂಬಿಕೆ ಅಷ್ಟು ಬೇಗ ಸರಿಯಾಗುವುದಿಲ್ಲ. ಆದ್ದರಿಂದಲೇ ಈ ಲೇಖನ.

ಬಿಸಿ ಎಲ್ಲಿಂದ ಬರುತ್ತದೆ?

ನಾವೆಲ್ಲ ಸಿ.ಪಿ.ಯು. ಎಂದು ಕರೆಯುವ ಪೆಟ್ಟಿಗೆಯೊಳಗೆ ಲೆಕ್ಕ ಮಾಡುವ ಭಾಗಕ್ಕೆ ಪ್ರೊಸೆಸರ್ ಎಂದು ಹೆಸರು. 1993ರಲ್ಲಿ ಬಂದ ಮೊದಲ ಪೆಂಟಿಯಂ ಪ್ರೊಸೆಸರುಗಳು ಸುಮಾರು 15 ವ್ಯಾಟ್ ವಿದ್ಯುತ್ ಬಳಸುತ್ತಿದ್ದವು. ಇಂದು ಕಚೇರಿಗಳಲ್ಲಿ ಬಳಸುವ ಅನೇಕ ಪ್ರೊಸೆಸರುಗಳನ್ನು 65 ವ್ಯಾಟ್ ಲೆಕ್ಕದಲ್ಲಿ ತಯಾರಿಸಿರುತ್ತಾರೆ. ಕೋಳಿಮರಿಗಳಿಗೆ ಕಾವು ಕೊಡಲು ಹಿಂದೆ 60 ವ್ಯಾಟಿನ ಬಲ್ಬು ಹಾಕುತ್ತಿದ್ದುದು ನಿಮಗೆ ನೆನಪಿರಬಹುದು. ಪೂರ್ತಿ ಕೆಲಸದಲ್ಲಿರುವಾಗ ಅಷ್ಟೇ ಕಾವು ಉಗುರಗಲದ ಜಾಗದಿಂದ ಹೊರಡುತ್ತದೆ.

ಈ ಕಾವನ್ನು ಹೀರಲು ಪ್ರೊಸೆಸರಿನ ಮೇಲೆ ಅಲ್ಯೂಮಿನಿಯಂ ಪಟ್ಟಿಗಳ ಒಂದು ತುಂಡನ್ನು ಕೂರಿಸಿ, ಅದರ ಮೇಲೊಂದು ಚಿಕ್ಕ ಫ್ಯಾನು ಇಟ್ಟಿರುತ್ತಾರೆ. ಆ ಫ್ಯಾನು ಕಾವನ್ನು ಪ್ರೊಸೆಸರಿನಿಂದ ಪೆಟ್ಟಿಗೆಯೊಳಗಿನ ಗಾಳಿಗೆ ದಾಟಿಸುತ್ತದೆ, ಅಷ್ಟೆ. ಆ ಗಾಳಿಯನ್ನು ಪೆಟ್ಟಿಗೆಯಿಂದ ಹೊರಗೆ ಹಾಕುವ ಕೆಲಸ ಪೆಟ್ಟಿಗೆಯ ಗೋಡೆಯಲ್ಲಿರುವ ಫ್ಯಾನುಗಳದ್ದು.

ಬಿಸಿಲಿನ ಝಳ ತಡೆಯಲಾರದ ಮಿಶ್ರತಳಿ ಹಸು ಮೊದಲು ಬಾಯಿ ತೆರೆದು ಏದುಸಿರು ಬಿಡುತ್ತದೆ, ಮೇವು ಕಡಿಮೆ ಮಾಡುತ್ತದೆ, ಹಾಲು ಇಳಿಸುತ್ತದೆ. ಪ್ರೊಸೆಸರೂ ಹಾಗೆಯೇ. ಕಾವು ಮಿತಿ ಮೀರಿದಾಗ ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದಿದ್ದರೆ ಸುಟ್ಟುಹೋಗದಂತೆ ತಾನಾಗಿಯೇ ಆರುತ್ತದೆ. ನಿಮ್ಮ ಕಂಪ್ಯೂಟರ್ ಸಂಜೆ ಹೊತ್ತು ನಿಧಾನವಾಗಿ, ಆಮೇಲೆ ಆರಿ, ಅರ್ಧ ಗಂಟೆ ಬಿಟ್ಟು ಮತ್ತೆ ಚೆನ್ನಾಗಿ ನಡೆದರೆ ಮೊದಲು ಕಾವಿನ ಮೇಲೆ ಸಂಶಯಪಡಿ.

ಕೊಟ್ಟಿಗೆಯ ಪಾಠ

ಒಳ್ಳೆಯ ಕೊಟ್ಟಿಗೆಯಲ್ಲಿ ತಂಪು ಗಾಳಿ ಬದಿಯಿಂದ ಒಳಗೆ ಬಂದು, ರಾಸುಗಳ ಮೈ ಸವರಿ, ಬಿಸಿಯಾಗಿ ಮೇಲೇರಿ, ಮಾಡಿನ ತುದಿಯ ಸಂದಿನಿಂದ ಹೊರಗೆ ಹೋಗುತ್ತದೆ. ನಾಲ್ಕೂ ಕಡೆ ಗೋಡೆ ಎಬ್ಬಿಸಿ ಒಳಗೆ ನಾಲ್ಕು ಫ್ಯಾನು ಹಾಕಿದರೆ ಅದೇ ಬಿಸಿ ಗಾಳಿ ಸುತ್ತುತ್ತದೆಯೇ ಹೊರತು ತಂಪಾಗುವುದಿಲ್ಲ. ಕಂಪ್ಯೂಟರ್ ಪೆಟ್ಟಿಗೆಯ ಲೆಕ್ಕವೂ ಇಷ್ಟೇ. ಫ್ಯಾನು ಎಷ್ಟಿವೆ ಎಂಬುದಕ್ಕಿಂತ ಗಾಳಿಗೆ ಬರುವ ದಾರಿ, ಹೋಗುವ ದಾರಿ ಎರಡೂ ಇವೆಯೇ ಎಂಬುದು ಮುಖ್ಯ.

ಈಗಿನ ಪೆಟ್ಟಿಗೆಗಳಲ್ಲಿ ಗಾಳಿ ಮುಂಬದಿಯ ಕೆಳಭಾಗದಿಂದ ಒಳಗೆ ಬಂದು ಹಿಂಬದಿಯ ಮೇಲ್ಭಾಗದಿಂದ ಹೊರಗೆ ಹೋಗುವುದು ಸಾಮಾನ್ಯ ಕ್ರಮ. ಅದಕ್ಕೆ ತಕ್ಕಂತೆ ಫ್ಯಾನುಗಳನ್ನು ಹೀಗೆ ಹಾಕಿಸಬೇಕು:

1. ಒಂದೇ ಫ್ಯಾನು ಇದ್ದರೆ ಅದು ಹಿಂಬದಿಯ ಮೇಲ್ಭಾಗದಲ್ಲಿದ್ದು, ಗಾಳಿಯನ್ನು ಹೊರಗೆ ತಳ್ಳಬೇಕು. ಮುಂದಿನ ಜಾಲರಿಯಿಂದ ಹೊಸ ಗಾಳಿ ತಾನಾಗಿ ಒಳಗೆ ಬರುತ್ತದೆ.

2. ಎರಡು ಫ್ಯಾನು ಇದ್ದರೆ ಮುಂದಿನದು ಒಳಗೆ ಎಳೆಯಬೇಕು, ಹಿಂದಿನದು ಹೊರಗೆ ತಳ್ಳಬೇಕು.

3. ಮೂರನೆಯದು ಹಾಕಿಸುವುದಾದರೆ ನಮ್ಮ ಸಂಘಗಳ ಧೂಳಿಗೆ ಮುಂಬದಿಯೇ ಸೂಕ್ತ, ಜಾಲರಿ ಸಹಿತವಾಗಿ. ಹೊರಗೆ ತಳ್ಳುವುದಕ್ಕಿಂತ ಒಳಗೆ ಎಳೆಯುವುದು ತುಸು ಹೆಚ್ಚಿದ್ದರೆ ಪೆಟ್ಟಿಗೆಯ ಸಂದುಗಳಿಂದ ಗಾಳಿ ಹೊರಗೇ ಸೋರುತ್ತದೆ. ಕಡಿಮೆಯಿದ್ದರೆ ಪ್ರತಿ ಸಂದಿನಿಂದಲೂ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ.

4. ಒಳಗಿನ ತಂತಿಗಳನ್ನು ಒಟ್ಟುಗೂಡಿಸಿ ಒಂದು ಬದಿಗೆ ಕಟ್ಟಿಸಬೇಕು. ಗಾಳಿಯ ದಾರಿಗೆ ಅಡ್ಡ ಜೋತಾಡಬಾರದು.

ಫ್ಯಾನು ಯಾವ ಕಡೆ ಊದುತ್ತಿದೆ ಎಂದು ತಿಳಿಯಲು ಹಾಲಿನ ಚೀಟಿಯ ಒಂದು ತುಂಡು ಸಾಕು. ಕಂಪ್ಯೂಟರ್ ನಡೆಯುವಾಗ ಜಾಲರಿಯ ಹೊರಗಡೆ ಅದನ್ನು ಹಿಡಿಯಿರಿ. ಕಾಗದ ಜಾಲರಿಗೆ ಅಂಟಿಕೊಂಡರೆ ಗಾಳಿ ಒಳಗೆ ಹೋಗುತ್ತಿದೆ, ಹಾರಿದರೆ ಹೊರಗೆ ಬರುತ್ತಿದೆ. ಹೊಸ ಫ್ಯಾನು ಕೂರಿಸುವಾಗಲೇ ನೋಡುವುದಾದರೆ, ಸಾಮಾನ್ಯವಾಗಿ ಫ್ಯಾನಿನ ನಡುವಿನ ಗುಂಬವನ್ನು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಬದಿಗಿವೆಯೋ ಆ ಬದಿಗೆ ಗಾಳಿ ಹೊರಡುತ್ತದೆ. ಕೆಲವು ಫ್ಯಾನುಗಳ ಚೌಕಟ್ಟಿನ ಮೇಲೆ ಬಾಣದ ಗುರುತೂ ಇರುತ್ತದೆ.

ಬಿಸಿಯಾಗುತ್ತದೆಂದು ಪಕ್ಕದ ಮುಚ್ಚಳ ತೆಗೆದು ಮೇಜಿನ ಫ್ಯಾನನ್ನು ನೇರವಾಗಿ ಇಡುವುದನ್ನು ಹಲವು ಕಡೆ ನೋಡಿದ್ದೇನೆ. ಆ ಕ್ಷಣಕ್ಕೆ ಕಾವು ಇಳಿದೀತು. ಆದರೆ ಧೂಳು, ಹಲ್ಲಿ, ಜಿರಲೆ ಎಲ್ಲಕ್ಕೂ ಬಾಗಿಲು ತೆರೆದಂತಾಗುತ್ತದೆ, ವಿದ್ಯುತ್ ಅಪಾಯವೂ ಉಂಟು. ಮುಚ್ಚಳ ಮುಚ್ಚಿದ್ದಾಗಲೇ ಗಾಳಿ ಗೊತ್ತಾದ ದಾರಿಯಲ್ಲಿ ಹರಿಯುತ್ತದೆ.

ಇಡುವ ಜಾಗ

ಫ್ಯಾನು ಎಷ್ಟೇ ಬೀಸಿದರೂ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಹಸುವಿನ ಮೈಕಾವು 38.5 ಡಿಗ್ರಿ ಸೆಂಟಿಗ್ರೇಡ್. ಹೊರಗಿನ ಗಾಳಿಯೂ ಅಷ್ಟೇ ಬಿಸಿಯಾದಾಗ ಬರಿಯ ಫ್ಯಾನು ಸಾಲದೆಂದು ರಾಸುಗಳ ಮೈಗೆ ನೀರು ಚಿಮುಕಿಸುತ್ತೇವೆ. ಕಂಪ್ಯೂಟರಿಗೆ ಆ ಉಪಾಯವಿಲ್ಲ. ನೀರಿನ ಏರ್ ಕೂಲರನ್ನೂ ಅದರ ಕಡೆಗೆ ತಿರುಗಿಸಬಾರದು, ತೇವ ಒಳಗೆ ಸೇರುತ್ತದೆ. ಆದ್ದರಿಂದ ಕೋಣೆಯನ್ನೇ ತಂಪಾಗಿಡಬೇಕು:

- ಪೆಟ್ಟಿಗೆಯನ್ನು ನೆಲದ ಮೇಲಾಗಲಿ, ಕಪಾಟಿನೊಳಗಾಗಲಿ ಇಡಬೇಡಿ. ಮೇಜಿನ ಮೇಲಿರಲಿ. ಹಿಂದೆ ಒಂದು ಗೇಣು, ಮುಂದೆಯೂ ಅಷ್ಟೇ ಜಾಗ ಬಿಡಿ.
- ಬಿಸಿಲು ಬೀಳುವ ಕಿಟಕಿಯ ಪಕ್ಕ ಬೇಡ. ಎದುರು ಬದುರು ಕಿಟಕಿಗಳಿದ್ದರೆ ಹಾಲು ಹಾಕುವ ಹೊತ್ತಿನಲ್ಲಿ ಎರಡನ್ನೂ ತೆರೆಯಿರಿ.
- ಪಶು ಆಹಾರ, ಖನಿಜ ಮಿಶ್ರಣದ ಚೀಲಗಳು ಬೇರೆ ಕೋಣೆಯಲ್ಲಿರಲಿ. ಸಾಧ್ಯವಿಲ್ಲದಿದ್ದರೆ ಆದಷ್ಟು ದೂರವಿರಲಿ, ಕಂಪ್ಯೂಟರ್ ನಡೆಯುತ್ತಿರುವಾಗ ಚೀಲ ಸುರಿಯಬೇಡಿ.
- ಯು.ಪಿ.ಎಸ್. ಅನ್ನು ಪೆಟ್ಟಿಗೆಯ ಮೇಲಿಡಬೇಡಿ. ಅದೂ ಬಿಸಿಯಾಗುತ್ತದೆ, ಕಾವಿಗೆ ಅದರ ಬ್ಯಾಟರಿಯ ಆಯುಷ್ಯವೂ ತಗ್ಗುತ್ತದೆ.
- ಕ್ಯಾನು ತೊಳೆಯುವ ಜಾಗದಿಂದ, ಆಸಿಡ್ ಬಳಸಿ ಹಾಲು ಪರೀಕ್ಷಿಸುವ ಜಾಗದಿಂದ ದೂರವಿಡಿ.
- ಬಟ್ಟೆಯ ಹೊದಿಕೆ ಆರಿಸಿದ ಮೇಲೆ ಮಾತ್ರ. ನಡೆಯುವಾಗ ಪೂರ್ತಿ ತೆಗೆದಿಡಿ.
- ಆಯುಧಪೂಜೆಯ ದಿನ ಅರಿಶಿನ, ಕುಂಕುಮವನ್ನು ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಬೊಟ್ಟು ಇಟ್ಟರೆ ಸಾಕು. ಜಾಲರಿಗೆ ಹೂವಿನ ಹಾರ ಬೇಡ, ಧೂಪದ ಹೊಗೆ ಹತ್ತಿರದಲ್ಲಿ ಬೇಡ.

ಧೂಳು ತೆಗೆಯುವ ಕ್ರಮ

ಅಲ್ಯೂಮಿನಿಯಂ ಪಟ್ಟಿಗಳ ನಡುವೆ ಧೂಳು ಮೆತ್ತಿಕೊಂಡರೆ ಕಂಬಳಿ ಹೊದಿಸಿದಂತೆ. ಮುಂದಿನ ಜಾಲರಿಯನ್ನು ವಾರಕ್ಕೊಮ್ಮೆ ಒಣ ಕುಂಚದಿಂದ ಸ್ವಚ್ಛ ಮಾಡಿ. ಒಳಗಿನ ಧೂಳನ್ನು ಮೂರು ನಾಲ್ಕು ತಿಂಗಳಿಗೊಮ್ಮೆ, ತಪ್ಪಿದರೆ ಬೇಸಿಗೆಗೆ ಮುಂಚೆ ಒಮ್ಮೆ, ತಂತ್ರಜ್ಞರಿಂದ ತೆಗೆಸಿ. ಯಂತ್ರ ಖಾತರಿಯಲ್ಲಿದ್ದರೆ ಅಥವಾ ವಾರ್ಷಿಕ ನಿರ್ವಹಣೆಗೆ ಕೊಟ್ಟಿದ್ದರೆ ನೀವಾಗಿ ಮುಚ್ಚಳ ತೆಗೆಯಬೇಡಿ. ಯಾರೇ ತೆಗೆಯಲಿ, ಎದುರಿಗೆ ನಿಂತು ಇಷ್ಟನ್ನು ಗಮನಿಸಿ:

1. ಮೊದಲು ಹಾಲಿನ ಲೆಕ್ಕದ ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆದಿಡಬೇಕು.

2. ಕಂಪ್ಯೂಟರನ್ನು ಆರಿಸಿ, ಪ್ಲಗ್ಗನ್ನೂ ಕಿತ್ತಿರಬೇಕು.

3. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಬಿಟ್ಟರೆ ಅತಿ ವೇಗವಾಗಿ ತಿರುಗಿ ಹಾಳಾಗಬಹುದು.

4. ಒದ್ದೆ ಬಟ್ಟೆ ಬೇಡ. ಬಾಯಿಂದಲೂ ಊದಬಾರದು, ಎಂಜಲಿನ ತೇವ ಸೇರುತ್ತದೆ.

5. ವಿದ್ಯುತ್ ಸರಬರಾಜು ಮಾಡುವ ಒಳಗಿನ ಚಿಕ್ಕ ಡಬ್ಬಿಯನ್ನು ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

6. ಪ್ರೊಸೆಸರಿನ ಮೇಲಿನ ಅಲ್ಯೂಮಿನಿಯಂ ತುಂಡನ್ನು ಎತ್ತಿದರೆ ಅದರಡಿಯ ಲೇಪವನ್ನು ಒರೆಸಿ ಹೊಸದು ಹಚ್ಚಿಯೇ ಮರಳಿ ಕೂರಿಸಬೇಕು.

ಗರಗರ ಸದ್ದು ಮಾಡುವ, ನಿಂತು ನಿಂತು ತಿರುಗುವ ಫ್ಯಾನನ್ನು ಬದಲಾಯಿಸಲು ತಡಮಾಡಬೇಡಿ. ಸಾಧಾರಣ ಫ್ಯಾನಿನ ಬೆಲೆ ಕೆಲವು ನೂರು ರೂಪಾಯಿಗಳು. ಪೆಟ್ಟಿಗೆಯಲ್ಲಿರುವ ಹಳೆಯ ಫ್ಯಾನಿನ ಅಳತೆ ನೋಡಿಕೊಂಡು ಅದೇ ಅಳತೆಯದನ್ನು ತರಿಸಿ. 80 ಮಿಲಿಮೀಟರ್ ಮತ್ತು 120 ಮಿಲಿಮೀಟರ್ ಫ್ಯಾನುಗಳು ಸಾಮಾನ್ಯ.

ಸದಸ್ಯರು ಮಾಡಬಹುದಾದದ್ದು

ಇದೆಲ್ಲ ಕಾರ್ಯದರ್ಶಿಯ ಕೆಲಸ, ನಮಗೇನು ಎನ್ನಬೇಡಿ. ಆ ಪೆಟ್ಟಿಗೆಯಲ್ಲಿರುವುದು ನಿಮ್ಮ ಹಾಲಿನ ಲೀಟರು, ಜಿಡ್ಡಿನಾಂಶ, ಬಟವಾಡೆ, ಸರ್ಕಾರದ ಪ್ರೋತ್ಸಾಹಧನದ ಲೆಕ್ಕ. ಅದು ನಡುವೆ ಆರಿದರೆ ಸಾಲು ನಿಲ್ಲುತ್ತದೆ, ಬಿಸಿಲು ಕಾಲದಲ್ಲಿ ಕ್ಯಾನಿನಲ್ಲಿ ಕಾಯುವ ಹಾಲು ಕೆಡುತ್ತದೆ. ಮುಂದಿನ ಸಲ ಸಾಲಿನಲ್ಲಿ ನಿಂತಾಗ ಪೆಟ್ಟಿಗೆ ಗೋಡೆಗೆ ಒತ್ತಿದೆಯೇ, ಮೇಲೆ ಏನಾದರೂ ಹೇರಿದ್ದಾರೆಯೇ, ಹಿಂದಿನಿಂದ ಬೆಚ್ಚನೆಯ ಗಾಳಿ ಬರುತ್ತಿದೆಯೇ ಎಂದು ಒಮ್ಮೆ ನೋಡಿ. ಬೆಚ್ಚನೆಯ ಗಾಳಿ ಹೊರಗೆ ಬರುತ್ತಿದ್ದರೆ ಒಳ್ಳೆಯ ಲಕ್ಷಣ. ಗಾಳಿಯೇ ಬಾರದಿದ್ದರೆ ಕಾರ್ಯದರ್ಶಿಯವರಿಗೆ ತಿಳಿಸಿ, ಆಡಳಿತ ಮಂಡಳಿಯ ಸಭೆಯಲ್ಲಿ ಪ್ರಸ್ತಾಪಿಸಿ.

ಕಾರ್ಯದರ್ಶಿಗಳಿಗೂ ಒಂದು ಮಾತು. ಕಂಪ್ಯೂಟರ್ ಆರಿದ ದಿನ ಕೈಯಲ್ಲಿ ಬರೆಯುವುದು ಅನಿವಾರ್ಯ. ಆಗ ಪರೀಕ್ಷಾ ಯಂತ್ರ ತೋರಿಸುವ ಅಂಕಿಯನ್ನು ಸದಸ್ಯರಿಗೆ ತೋರಿಸಿ, ಗಟ್ಟಿಯಾಗಿ ಓದಿ, ಅವರೆದುರೇ ಬರೆದು ಸಹಿ ಪಡೆಯಿರಿ. ನಾನು ಹೇಳಿದ ಆ ಸಂಘದಲ್ಲಿ ಹದಿನೈದು ದಿನ ಇಷ್ಟು ಮಾಡಿದ್ದರೆ ಯಾರೂ ಸಂಘ ಬಿಡುತ್ತಿರಲಿಲ್ಲ.

ಈ ಬೇಸಿಗೆ ಬರುವ ಮುನ್ನ ನಿಮ್ಮ ಕೊಟ್ಟಿಗೆಯ ಗಾಳಿಯ ದಾರಿಯನ್ನೂ, ಸಂಘದ ಪೆಟ್ಟಿಗೆಯ ಗಾಳಿಯ ದಾರಿಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಮುಂದಿನ ಸಂಚಿಕೆಯಲ್ಲಿ ಎಂದಿನಂತೆ ಕೆಚ್ಚಲು ಬಾವಿನ ವಿಷಯಕ್ಕೆ ಬರೋಣ.