ಗರಿಗರಿ ತಿಂಡಿಯೂ 50 ಮೀಟರಿನ ಗೆರೆಯೂ

ಶಾಲೆಯ ಗಂಟೆ ಬಾರಿಸಿದೊಡನೆ ಮಕ್ಕಳು ಎದುರಿನ ಅಂಗಡಿಗೆ ಓಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಆಲೂಗೆಡ್ಡೆ ಚಿಪ್ಸಿನ ಪೊಟ್ಟಣವನ್ನು ಒಡೆದ ಬಾಲಕನು ಅದು ಬರಿದಾಗುವವರೆಗೂ ಕೈ ಹಿಂದೆಗೆಯುವುದಿಲ್ಲ. ಬೇಯಿಸಿದ ಆಲೂಗೆಡ್ಡೆಯನ್ನು ಮುಂದಿಟ್ಟರೆ ಎರಡು ತಿಂದು ಸಾಕೆನ್ನುತ್ತಾನೆ. ಗೆಡ್ಡೆ ಒಂದೇ ಆಗಿರುವಾಗ ಈ ವ್ಯತ್ಯಾಸವು ಎಲ್ಲಿಂದ ಬಂದಿತು? ಬಾಯಿಚಪಲವೆಂದು ಮಕ್ಕಳನ್ನು ಗದರಿಸುವುದಕ್ಕೆ ಮೊದಲು, ಪೊಟ್ಟಣದೊಳಗಿನ ವಸ್ತುವನ್ನೇ ತುಸು ಪರೀಕ್ಷಿಸೋಣ.

ಹಸಿ ಆಲೂಗೆಡ್ಡೆಯ ತೂಕದ 5ರಲ್ಲಿ ಸುಮಾರು 4 ಪಾಲು ನೀರೇ. ತೆಳ್ಳಗೆ ಹೆಚ್ಚಿದ ಬಿಲ್ಲೆಯನ್ನು ಕಾದ ಎಣ್ಣೆಗೆ ಬಿಟ್ಟಾಗ ಈ ನೀರು ಹಬೆಯಾಗಿ ಹೊರಬೀಳುತ್ತದೆ. ಅದು ತೆರವು ಮಾಡಿದ ಸೂಕ್ಷ್ಮ ರಂಧ್ರಗಳನ್ನು ಎಣ್ಣೆಯು ಸೇರುತ್ತದೆ. ಕೊನೆಗೆ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೆಯ ಒಂದು ಪಾಲು ಎಣ್ಣೆಯೇ ಆಗಿರುತ್ತದೆ. 1 ಗ್ರಾಂ ಪಿಷ್ಟದಿಂದ ದೇಹಕ್ಕೆ 4 ಕಿಲೊಕ್ಯಾಲೊರಿ ಶಕ್ತಿ ದೊರೆತರೆ 1 ಗ್ರಾಂ ಎಣ್ಣೆಯಿಂದ 9 ದೊರೆಯುತ್ತದೆ. ನೀರಿನಿಂದ ಏನೂ ಇಲ್ಲ. ಆದುದರಿಂದ 100 ಗ್ರಾಂ ಬೇಯಿಸಿದ ಗೆಡ್ಡೆಯಲ್ಲಿ 85ರಷ್ಟು ಕಿಲೊಕ್ಯಾಲೊರಿ ಇದ್ದರೆ, ಅಷ್ಟೇ ತೂಕದ ಚಿಪ್ಸಿನಲ್ಲಿ 500ಕ್ಕೂ ಮೇಲೆ. ಹೊಟ್ಟೆ ತುಂಬಿತೆಂಬ ಸುದ್ದಿಯು ಮಿದುಳಿಗೆ ಮುಟ್ಟುವ ಬಗೆಗಳಲ್ಲಿ ಜಠರದ ಹಿಗ್ಗುವಿಕೆಯೂ ಒಂದು. ಜಠರವು ಹಿಗ್ಗುವಷ್ಟರಲ್ಲಿ ಮಿತಿ ಮೀರಿರುತ್ತದೆ!

ಇನ್ನು ಸದ್ದಿನ ಮಾತು. ಝಾಂಪಿನಿ ಮತ್ತು ಸ್ಪೆನ್ಸ್ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಚಿಪ್ಸನ್ನು ಕಚ್ಚುವವರ ಕಿವಿಗೆ ಆ ಸದ್ದನ್ನೇ ಹೆಚ್ಚಿಸಿ ಕೇಳಿಸಿದರು. ತಿನ್ನುವವರಿಗೆ ಚಿಪ್ಸು ಹೆಚ್ಚು ಗರಿಗರಿಯಾಗಿಯೂ ಹೆಚ್ಚು ತಾಜಾ ಆಗಿಯೂ ತೋರಿತು. ನಾಲಗೆಯಷ್ಟೇ ಅಲ್ಲ, ಕಿವಿಯೂ ತಿನ್ನುತ್ತದೆ ಎಂದಾಯಿತು.

ಹಿರಿಯರಾದರೂ ಇದನ್ನು ಗೆಲ್ಲಬಲ್ಲರೆ? ಅಮೆರಿಕದ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಮಂದಿ ವಯಸ್ಕರಿಗೆ 2 ವಾರ ಕಾರ್ಖಾನೆಯ ಸಿದ್ಧಾಹಾರವನ್ನೂ 2 ವಾರ ಸಾದಾ ಅಡುಗೆಯನ್ನೂ ಬೇಕಾದಷ್ಟು ತಿನ್ನಲು ಕೊಟ್ಟರು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸಿದ್ಧಾಹಾರದ ದಿನಗಳಲ್ಲಿ ಅವರು ದಿನವೊಂದಕ್ಕೆ ಸುಮಾರು 500 ಕಿಲೊಕ್ಯಾಲೊರಿ ಹೆಚ್ಚಾಗಿ ತಿಂದಿದ್ದರು, ತೂಕವೂ ಏರಿತ್ತು. ಪ್ರೌಢರ ಪಾಡೇ ಹೀಗಿರುವಾಗ, 10 ವರ್ಷದ ಮಗುವಿನ ಸಂಯಮವನ್ನು ದೂರುವುದು ನ್ಯಾಯವೆ?

ಆದುದರಿಂದಲೇ ಅಂಕುಶವನ್ನು ಮಗುವಿಗಲ್ಲ, ಮಾರಾಟಕ್ಕೆ ಹಾಕಬೇಕಾಗಿದೆ. ಕೊಬ್ಬು, ಸಕ್ಕರೆ, ಉಪ್ಪು ಅಧಿಕವಾಗಿರುವ ತಿಂಡಿಗಳನ್ನು ಶಾಲೆಯ ಕ್ಯಾಂಟೀನಿನಲ್ಲಿಯೂ ಶಾಲೆಯಿಂದ 50 ಮೀಟರಿನೊಳಗೂ ಮಕ್ಕಳಿಗೆ ಮಾರಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2020ರಲ್ಲಿ ನಿಯಮ ಮಾಡಿತು. ಆದರೆ 50 ಮೀಟರೆಂದರೆ ಮಗುವಿಗೆ ಒಂದು ನಿಮಿಷದ ನಡಿಗೆ. ಗೆರೆ ಎಳೆದರೆ ಸಾಲದು. ಗೆರೆಯೊಳಗೆ ಹಸಿವಿಗೆ ಉತ್ತರವಿರಬೇಕು. ಸೀಬೆಹಣ್ಣು, ಬಾಳೆಹಣ್ಣು, ಹೆಸರುಬೇಳೆ ಕೋಸಂಬರಿ ಇವು ನೀರನ್ನು ಕಳೆದುಕೊಳ್ಳದ ತಿಂಡಿಗಳು. ಸಾಕೆಂಬ ಮಾತನ್ನು ಹೊಟ್ಟೆಯಿಂದಲೇ ಹೇಳಿಸಬಲ್ಲವು.

ಉಪಾಧ್ಯಾಯರು ತರಗತಿಯಲ್ಲಿ ಒಂದು ಚಿಪ್ಸನ್ನು ಬಿಳಿಯ ಕಾಗದದ ನಡುವೆ ಒತ್ತಿ, ಆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿಯಲಿ. ಎಣ್ಣೆ ತಾಗಿದ ಕಡೆ ಬೆಳಕು ತೂರಿ ಬರುವುದನ್ನು ಮಕ್ಕಳು ತಾವೇ ಕಾಣುವರು. ನೂರು ಗದರಿಕೆಗಳಿಗಿಂತ ಆ ಒಂದು ಕಲೆಯು ಹೆಚ್ಚು ಕಲಿಸೀತು.